ಸ್ವಿಚ್ಚಿನ ಚಪ್ಪರ

ನಮ್ಮ ಓಣಿಯಲ್ಲಿ ಮದುವೆಯ ಕಾಗದವನ್ನು ಯಾರಿಗೆ ಬೇಕಾದರೂ ಕೊಡಬಹುದು. ಬ್ಯಾಂಕಿನವರಿಗೆ, ಹಲ್ಲಿನ ಡಾಕ್ಟರರಿಗೆ, ದಿನಾ ಬಸ್ಸಿನಲ್ಲಿ ಸಿಗುವ ಕಂಡಕ್ಟರರಿಗೆ. ಚಪ್ಪರಕ್ಕೆ ಕರೆಯುವುದು ಹಾಗಲ್ಲ. ಅದಕ್ಕೆ ಕಾಗದ ಇಲ್ಲ, ಫೋನೂ ನಡೆಯುವುದಿಲ್ಲ. ಮುನ್ನಾದಿನ ಸಂಜೆ ಮನೆಯ ಯಜಮಾನ ಚಪ್ಪಲಿ ಮೆಟ್ಟಿಕೊಂಡು ಹೊರಟು, ಒಂದೊಂದು ಮನೆಯ ಜಗಲಿಯ ಎದುರು ನಿಂತು, "ನಾಳೆ ಚಪ್ಪರ, ಬನ್ನಿ ಆಯ್ತಾ" ಎಂದು ಬಾಯಾರೆ ಹೇಳಿ ಬರಬೇಕು. ಹೇಳಿಸಿಕೊಂಡವರು ಮರುದಿನ ಬೆಳಕು ಹರಿಯುವಾಗ ಲುಂಗಿ ಎತ್ತಿ ಕಟ್ಟಿ, ಒಬ್ಬ ಹಾರೆ, ಒಬ್ಬ ಕತ್ತಿ, ಒಬ್ಬ ಹಗ್ಗ ಹಿಡಿದುಕೊಂಡು ಬರುತ್ತಾರೆ. ಕಂಬ ಹುಗಿದು, ಬಿದಿರು ಕಟ್ಟಿ, ಹೆಣೆದ ತೆಂಗಿನ ಮಡಲು ಹೊದಿಸಿದರೆ ಚಪ್ಪರ ಆಯಿತು. ಈಗ ಎಲ್ಲರೂ ಶಾಮಿಯಾನದವರಿಗೆ ಹೇಳುವುದೇ. ಆದರೂ ಬಾಗಿಲಿನ ಎದುರು ನಾಲ್ಕು ಕಂಬದ್ದಾದರೂ ಮಡಲಿನ ಚಪ್ಪರವನ್ನು ಓಣಿಯವರೇ ಕಟ್ಟಬೇಕು. ಆ ದಿನದಿಂದ ಮದುವೆ ಮುಗಿಯುವವರೆಗೆ ಅವರು ಆ ಮನೆಯವರು. ಬಡಿಸುವುದು ಅವರು, ಎಂಜಲೆಲೆ ತೆಗೆಯುವುದು ಅವರು, ಕೊನೆಯ ಪಂಕ್ತಿಯಲ್ಲಿ ಯಜಮಾನನ ಜೊತೆ ಕೂತು ಸಾರಿಗೆ ಉಪ್ಪು ಕಡಿಮೆಯಾಯಿತು ಎಂದು ಬೈಯುವುದೂ ಅವರೇ.

ಇದನ್ನು ನನಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ಅಜ್ಜಿಯ ಸೆರಗು ಹಿಡಿದು ಮದುವೆ ಮನೆಗಳಿಗೆ ಹೋಗುತ್ತಿದ್ದ ಕಾಲದಿಂದಲೇ ಗೊತ್ತಿದ್ದದ್ದು. ಗೊತ್ತಿದ್ದದ್ದನ್ನೇ ಮರೆತೆನಲ್ಲ ಎಂಬುದು ಈಗಲೂ ಗಂಟಲಿನಲ್ಲಿ ಸಿಕ್ಕಿಕೊಂಡ ಮುಳ್ಳಿನ ಹಾಗೆ ಉಂಟು.

ನಮ್ಮ ಮನೆ ಕಾಪುವಿನಲ್ಲಿ, ಹೆದ್ದಾರಿಯಿಂದ ಕಡಲಿನ ಕಡೆಗೆ ಇಳಿಯುವ ಓಣಿಯಲ್ಲಿ. ಹೊಟ್ಟೆಪಾಡು ಮಣಿಪಾಲದಲ್ಲಿ. ಅಲ್ಲಿ ಹಾಸ್ಟೆಲುಗಳ ಹಿಂದಿನ ರಸ್ತೆಯಲ್ಲಿ ನನ್ನದೊಂದು ಸಣ್ಣ ಹೋಟೆಲು. ಒಳಗೆ ಜಾಗ ಕಡಿಮೆ, ಹೊರಗೆ ನಾಲ್ಕಾರು ಮೇಜು. ಬೇಸಿಗೆಯಲ್ಲಿ ಸಂಜೆಯವರೆಗೆ ಆ ಮೇಜುಗಳಲ್ಲಿ ಕಾಗೆಯೂ ಕೂರುವುದಿಲ್ಲ. ವಿದ್ಯಾರ್ಥಿಗಳು ಸ್ಕೂಟರನ್ನು ಬಿಸಿಲಿಗೆ ನಿಲ್ಲಿಸಿ ಚಾ ಕುಡಿದು ಹೋಗುವಾಗ ಕಾದ ಸೀಟಿನ ಮೇಲೆ ಕೂರಲಾಗದೆ ನಿಂತುಕೊಂಡೇ ಗಾಡಿ ಬಿಡುತ್ತಿದ್ದರು. ಅವರಲ್ಲೊಬ್ಬಳು, ಎಲ್ಲಿಯೋ ಉತ್ತರದ ಕಡೆಯ ಹುಡುಗಿ, ತನ್ನ ಊರಿನ ಹೋಟೆಲಿನದೊಂದು ವೀಡಿಯೋ ಮೊಬೈಲಿನಲ್ಲಿ ತೋರಿಸಿದಳು. ಗೋಡೆಗೆ ಬಡಿದ ಉದ್ದನೆಯ ಪೆಟ್ಟಿಗೆ. ರಿಮೋಟ್ ಒತ್ತಿದರೆ ಅದರೊಳಗಿನಿಂದ ಎರಡು ಕೈಗಳು ಮೊಣಕೈ ಬಿಡಿಸುತ್ತಾ ಹೊರಗೆ ಚಾಚುತ್ತವೆ, ಅವುಗಳ ಜೊತೆ ಬಟ್ಟೆಯ ಮಾಡು ಹಾಸಿಕೊಳ್ಳುತ್ತದೆ. ಇನ್ನೊಮ್ಮೆ ಒತ್ತಿದರೆ ಸುರುಳಿ ಸುತ್ತಿ ಒಳಗೆ ಹೋಗುತ್ತದೆ. ಅದಕ್ಕೆ ಆನಿಂಗ್ ಎಂದು ಹೆಸರು. ಮುಂದಿನ ವಾರವೇ ಉಡುಪಿಯ ಅಂಗಡಿಯೊಂದರಲ್ಲಿ ವಿಚಾರಿಸಿದೆ.

ಹೋಟೆಲಿಗೆ ಅದು ಬಂದ ಮೇಲೆ ಗಲ್ಲಾದ ಹಿಂದೆ ಕೂತು ನೋಡುವುದೇ ಒಂದು ಸುಖವಾಯಿತು. ಹಸಿರು ಬಿಳಿ ಪಟ್ಟೆಯ ನೆರಳು. ಅದರ ಒಂದು ಬದಿಗೆ ಸ್ಕೂಟರುಗಳು, ಇನ್ನೊಂದು ಬದಿಗೆ ಹುಡುಗ ಹುಡುಗಿಯರು. ಮಧ್ಯಾಹ್ನದ ಹೊತ್ತಿಗೂ ಗೋಳಿಬಜೆ ಖರ್ಚಾಗತೊಡಗಿತು. ಮನುಷ್ಯನ ತಲೆ ತಿರುಗುವುದಕ್ಕೆ ಇಷ್ಟು ಸಾಕು. ಕಾಪುವಿನ ಮನೆಯ ಅಂಗಳಕ್ಕೂ ಒಂದನ್ನು ಹಾಕಿಸಿದೆ, ಇದಕ್ಕಿಂತ ದೊಡ್ಡದು. ಅದರ ಕೆಳಗೆ ಕಾರು, ಕಾರಿನ ಪಕ್ಕ ಬೆತ್ತದ ಕುರ್ಚಿಗಳು. ಅಂಗಳಕ್ಕೆ ಆಗಷ್ಟೇ ಇಂಟರ್‌ಲಾಕ್ ಇಟ್ಟಿಗೆ ಹಾಕಿಸಿಯೂ ಆಗಿತ್ತು. ಮಗಳ ಮದುವೆ ಕಾರ್ಕಳದ ಕಡೆ ಗೊತ್ತಾಗಿತ್ತು. ಅವರದು ದೊಡ್ಡ ಮನೆ, ಕಲ್ಲಿನ ಕೆಲಸದ ವ್ಯಾಪಾರ, ಮಾತು ಕಡಿಮೆ, ಅಂಗಳ ಕನ್ನಡಿಯ ಹಾಗೆ. ಅವರು ಬಂದಾಗ ನಮ್ಮ ಅಂಗಳವೂ ಹಾಗೆಯೇ ಕಾಣಬೇಕು ಎಂದು ಒಳಗೊಳಗೇ ಒಂದು ಆಸೆ ನನಗೆ.

ಅಂಗಡಿಯವರು ಕೂರಿಸಿ ಹೋಗುವಾಗ, "ನಿಮ್ಮ ಮನೆ ಕಡಲಿಗೆ ಹತ್ತಿರ ಅಲ್ವಾ? ಹೆದರಬೇಡಿ, ಗಾಳಿ ಜೋರಾದರೆ ಇದಕ್ಕೇ ಗೊತ್ತಾಗುತ್ತದೆ, ತಾನೇ ಮಡಚಿಕೊಳ್ಳುತ್ತದೆ" ಎಂದರು. ಎಷ್ಟು ಬುದ್ಧಿ ಇದಕ್ಕೆ ಎಂದು ನಾನು ಖುಷಿಪಟ್ಟೆ.

ಮದುವೆಗೆ ಇನ್ನೇನು ಎರಡು ವಾರ ಇರುವಾಗ ಪಕ್ಕದ ಮನೆಯ ತಾಂಡೇಲ ಬಂದ. ಮಲ್ಪೆಯಲ್ಲಿ ದೋಣಿ ನಡೆಸುವ ಮುಖ್ಯಸ್ಥನಿಗೆ ತಾಂಡೇಲ ಎನ್ನುತ್ತೇವೆ. ನಮ್ಮ ಓಣಿಯ ಚಪ್ಪರಗಳಿಗೂ ಅವನೇ ತಾಂಡೇಲ. ನನಗಿಂತ ನಾಲ್ಕು ವರ್ಷ ಚಿಕ್ಕವನು, ಒಟ್ಟಿಗೆ ಬೆಳೆದವನು. ಗೇಟಿನ ಹೊರಗೆ ನಿಂತುಕೊಂಡೇ ಕೇಳಿದ.

"ಅಣ್ಣ, ಮಡಲು ನೀರಿಗೆ ಹಾಕಲಾ? ಈಗ ಹಾಕಿದರೆ ಹೆಣೆಯುವುದಕ್ಕೆ ಮೆತ್ತಗಾಗುತ್ತದೆ."

"ಬೇಡ ಮಾರಾಯ" ಎಂದೆ. "ಈಗ ಅದೆಲ್ಲ ಯಾರಿಗೆ ಬೇಕು? ಇಲ್ಲಿ ನೋಡು."

ರಿಮೋಟ್ ಒತ್ತಿದೆ. ಬಟ್ಟೆ ಗುಂಯ್ ಎನ್ನುತ್ತಾ ಅವನ ತಲೆಯ ಮೇಲಿನವರೆಗೆ ಬಂತು. ಅವನು ಕತ್ತೆತ್ತಿ ನೋಡಿದ. ಕೈ ಚಾಚಿ ಬಟ್ಟೆಯ ಅಂಚನ್ನು ಮುಟ್ಟಿ, ದೋಣಿಯವರು ಬಲೆ ಮುಟ್ಟುವ ಹಾಗೆ ಬೆರಳಿನಲ್ಲಿ ಉಜ್ಜಿ ನೋಡಿದ.

"ಚೆಂದ ಉಂಟು" ಎಂದ. "ಹಾಗಾದರೆ ಕಂಬ ಹುಗಿಯುವುದು ಇಲ್ಲವಾ?"

"ಈ ಇಂಟರ್‌ಲಾಕಿನಲ್ಲಿ ಎಲ್ಲಿ ಹುಗಿಯುತ್ತೀ? ನಿಮಗೂ ಒಂದು ಕೆಲಸ ಕಡಿಮೆ."

"ಹೌದು, ಕಡಿಮೆ" ಎಂದು ಹೇಳಿ ಅವನು ಹೋದ. ಅವನಿಗೆ ಉಪಕಾರ ಮಾಡಿದೆ ಎಂದೇ ನಾನು ತಿಳಿದಿದ್ದೆ.

ಆ ರಾತ್ರಿ ಊಟಕ್ಕೆ ಕೂತಾಗ ನನ್ನ ಹೆಂಡತಿ, "ಚಪ್ಪರ ಕಟ್ಟುವುದಿಲ್ಲ ಅಂತಾದರೂ ಮನೆಮನೆಗೆ ಹೋಗಿ ಒಂದು ಮಾತು ಹೇಳಿ ಬನ್ನಿ" ಎಂದಳು.

"ಕಾಗದ ಕೊಟ್ಟಾಗಿದೆಯಲ್ಲ?"

"ಕಾಗದ ಹಲ್ಲಿನ ಡಾಕ್ಟರರಿಗೂ ಕೊಟ್ಟಿದ್ದೀರಿ."

ಆ ಮಾತಿನ ಅರ್ಥ ಆಗದಷ್ಟು ದಡ್ಡ ನಾನಲ್ಲ. ಆದರೆ ಮದುವೆ ಹಾಲ್‌ನವರು, ಹೂವಿನವರು, ಹಾಲ್‌ಗೆ ಹೋಗಲು ಬಾಡಿಗೆ ಕಾರು ಎಂದು ತಲೆ ತುಂಬಾ ಇತ್ತು. ನಾಳೆ ಹೋದರಾಯಿತು ಎಂದುಕೊಂಡೆ. ಆ ನಾಳೆ ಬರಲಿಲ್ಲ.

ಮದುವೆ ಉಡುಪಿಯ ಮದುವೆ ಹಾಲ್‌ನಲ್ಲಿ ಸುಸೂತ್ರವಾಗಿ ಮುಗಿಯಿತು. ಅಲ್ಲಿ ಎಲ್ಲವೂ ಹಾಲ್‌ನವರದ್ದೇ, ಯಾರು ಯಾರ ಮನೆಯವರು ಎಂದು ತಿಳಿಯುವ ಸಂದರ್ಭವೇ ಬರಲಿಲ್ಲ. ಮರುದಿನ ಬೀಗರ ಊಟ ನಮ್ಮ ಮನೆಯಲ್ಲಿ. ಅಡುಗೆಯನ್ನು ಉಡುಪಿಯ ಅಡುಗೆಯವರಿಗೆ ವಹಿಸಿದ್ದೆ. ಕೋರಿ ರೊಟ್ಟಿ, ಅಂದರೆ ಹಪ್ಪಳದಂಥ ಅಕ್ಕಿ ರೊಟ್ಟಿಯ ಮೇಲೆ ಕೋಳಿಯ ಮಂದ ಸಾರು, ಗಸಿ. ಅಂಜಲ್ ಮೀನಿನ ಫ್ರೈ, ಕಾಣೆ ಮೀನಿನ ಗಸಿ. "ಬಡಿಸಲಿಕ್ಕೆ ಜನ ಕಳಿಸಬೇಕಾ?" ಎಂದು ಅವರು ಕೇಳಿದ್ದಾಗ, ಯೋಚನೆಯನ್ನೇ ಮಾಡದೆ, "ಬೇಡ, ಅದಕ್ಕೆ ನಮ್ಮ ಓಣಿಯವರು ಇದ್ದಾರಲ್ಲ" ಎಂದಿದ್ದೆ. ಓಣಿಯವರು ಇರುತ್ತಾರೆ, ಗಾಳಿ ಬೆಳಕು ಇದ್ದ ಹಾಗೆ. ನನ್ನ ಲೆಕ್ಕ ಹಾಗಿತ್ತು.

ಹೆಂಡತಿ ಬೆಳಿಗ್ಗೆಯೇ ಆನಿಂಗಿನ ಎರಡು ಕೈಗಳಿಗೂ ಮಾವಿನ ಸೊಪ್ಪು ಕಟ್ಟಿದ್ದಳು. ಅದರ ಕೆಳಗೆ ಮೇಜುಗಳ ಸಾಲು, ಮೇಜಿನ ಮೇಲೆ ಬಾಳೆಲೆ. ಓಣಿಯವರು ಹನ್ನೆರಡು ದಾಟಿದ ಮೇಲೆ ಬಂದರು. ಇಸ್ತ್ರಿ ಹಾಕಿದ ಶರ್ಟು, ಹೆಂಗಸರು ರೇಷ್ಮೆ ಸೀರೆ. ಎಲ್ಲರೂ ಕಂಪೌಂಡಿನ ಬದಿಗೆ ಹಾಕಿದ್ದ ಕುರ್ಚಿಗಳಲ್ಲಿ ಕೂತರು. ತಾಂಡೇಲನ ತಾಯಿಯೂ ಬಂದರು. ನಾವೆಲ್ಲ ಅವರನ್ನು ದೊಡ್ಡಮ್ಮ ಎನ್ನುವುದು. ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿದವರು, ನನ್ನ ತಾಯಿ ಹಾಸಿಗೆ ಹಿಡಿದಾಗ ನನಗೆ ಅನ್ನ ಕಲಸಿ ಕೊಟ್ಟವರು. ಯಾವ ಮದುವೆಗೆ ಹೋದರೂ ನೇರ ಅಡುಗೆಯ ಜಾಗಕ್ಕೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದು ನೋಡುವ ಹೆಂಗಸು. ಅವರೂ ಕುರ್ಚಿಯಲ್ಲಿ ಕೂತು ಕೈಯನ್ನು ಮಡಿಲಲ್ಲಿಟ್ಟುಕೊಂಡರು.

ಬೀಗರು ಬಂದರು, ಮೊದಲ ಪಂಕ್ತಿಗೆ ಕೂರಿಸಿದೆ. ಬೀಗರ ಮನೆಯ ಯಜಮಾನರು ಮೇಲೆ ನೋಡಿ, "ಇದು ಒಳ್ಳೆಯದು ಮಾಡಿದ್ದೀರಿ" ಎಂದರು. ಅವರ ಬಾಯಿಯಿಂದ ಅಷ್ಟು ಉದ್ದದ ಮಾತು ನಾನು ಕೇಳಿದ್ದು ಅದೇ ಮೊದಲು. ನೀರು ಸಿಕ್ಕ ಗಿಡದ ಹಾಗೆ ನಿಂತೆ. ನಾನು ಮತ್ತು ನನ್ನ ಭಾವ ಸೇರಿ ಎಲೆಗೆ ರೊಟ್ಟಿ ಹಾಕಿದೆವು. ಗಸಿಯ ಪಾತ್ರೆ ಎತ್ತುವಾಗ ಯಾರಾದರೂ ಕೈ ಹಾಕುತ್ತಾರೆ ಎಂದು ಓಣಿಯವರ ಕಡೆ ನೋಡಿದೆ. ಅವರೂ ನನ್ನ ಕಡೆ ನೋಡುತ್ತಿದ್ದರು. ಯಾರೂ ಏಳಲಿಲ್ಲ.

ಆಗ ಪಡುಗಾಳಿ ಎದ್ದಿತು. ನಮ್ಮಲ್ಲಿ ಬೇಸಿಗೆಯಲ್ಲಿ ದಿನಾ ಮಧ್ಯಾಹ್ನ ಕಡಲಿನಿಂದ ಅದು ಬರುವುದೇ. ಹುಟ್ಟಿದಂದಿನಿಂದ ಆ ಗಾಳಿಯಲ್ಲಿ ಬೆಳೆದವನು ನಾನು. ಆದರೆ ಆನಿಂಗ್ ಬಂದಾಗಿನಿಂದ ಮಧ್ಯಾಹ್ನ ಒಂದು ದಿನವೂ ಮನೆಯಲ್ಲಿ ಇದ್ದವನಲ್ಲ. ಸಂಜೆ ಬಂದಾಗ ಅದು ಮಡಚಿರುವುದನ್ನು ನೋಡಿ, ನನ್ನವಳು ಎಷ್ಟು ಜೋಪಾನ ಮಾಡುತ್ತಾಳೆ ಎಂದುಕೊಳ್ಳುತ್ತಿದ್ದೆ. ದಿನಾ ಮಧ್ಯಾಹ್ನ ಅದು ತಾನೇ ಒಳಗೆ ಹೋಗುವ ಹಾಗೆ ನಾನೇ ಮಾಡಿಸಿಟ್ಟಿದ್ದೇನೆ ಎಂದು ಅವಳು ತಿಳಿದಿದ್ದಳು.

ಆನಿಂಗ್ ಗುಂಯ್ ಎಂದಿತು. ಬೀಗರು ತಲೆಯೆತ್ತಿದರು. ನೆರಳು ಅವರ ಎಲೆಯ ಮೇಲಿನಿಂದ ಮೆಲ್ಲಗೆ ಸರಿದು, ನೀರಿನ ಲೋಟ ದಾಟಿ, ನೆಲಕ್ಕಿಳಿದು ಗೋಡೆಯ ಕಡೆಗೆ ನಡೆಯಿತು. ಕಟ್ಟಿದ ಮಾವಿನ ಸೊಪ್ಪು ಮೊಣಕೈಗಳ ನಡುವೆ ಸಿಕ್ಕಿ ಪುಡಿಯಾಗಿ ಹೆಂಗಸರ ತಲೆಯ ಮೇಲೆ ಉದುರಿತು. ನಾನು ಓಡಿ ರಿಮೋಟ್ ಒತ್ತಿದೆ. ಸ್ವಲ್ಪ ಹೊರಗೆ ಬಂತು, ಗಾಳಿ ಬೀಸಿತು, ಮತ್ತೆ ಒಳಗೆ ಹೋಯಿತು. ಮತ್ತೊಮ್ಮೆ ಒತ್ತಿದೆ. ಮತ್ತೊಮ್ಮೆ ಹೋಯಿತು.

"ನಿಮ್ಮ ಚಪ್ಪರಕ್ಕೆ ನಾಚಿಕೆ ಜಾಸ್ತಿಯೋ ಎಂತ" ಎಂದರು ಅಳಿಯನ ಸೋದರಮಾವ. "ಹೊಸ ಮದುಮಗಳ ಹಾಗೆ ಇಣುಕಿ ಇಣುಕಿ ಒಳಗೆ ಹೋಗುತ್ತಾ ಉಂಟು."

ಎಲ್ಲರೂ ನಕ್ಕರು. ಅವರಿಗೆ ನನ್ನನ್ನು ಅವಮಾನ ಮಾಡುವ ಉದ್ದೇಶ ಇರಲಿಲ್ಲ. ನಾನೂ ನಕ್ಕೆ. ಅಷ್ಟರಲ್ಲಿ ಇನ್ನೊಂದು ಬೀಸು ಬಂದು, ಗಸಿ ಬೀಳದೆ ಒಣಗಿ ಕೂತಿದ್ದ ರೊಟ್ಟಿಗಳು ಎಲೆಯಿಂದ ಎದ್ದು ಹಾರತೊಡಗಿದವು. ಒಂದು ರೊಟ್ಟಿ ಕಾರಿನ ಬಾನೆಟ್ಟಿನ ಮೇಲೆ, ಒಂದು ಬೀಗಿತ್ತಿಯ ಮಡಿಲಲ್ಲಿ, ಒಂದು ಗೇಟಿನ ಹೊರಗೆ ನಾಯಿಯ ಮುಂದೆ. ನೆತ್ತಿಯ ಮೇಲೆ ಸುಡುವ ಬಿಸಿಲು. ಹೆಂಗಸರು ಸೆರಗು ಎಳೆದುಕೊಂಡು ಒಂದು ಕೈಯಲ್ಲಿ ಎಲೆ ಒತ್ತಿ ಹಿಡಿದಿದ್ದರು. ನಾನು ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ರಿಮೋಟ್ ಹಿಡಿದು ನಡುವೆ ನಿಂತಿದ್ದೆ.

ತಾಂಡೇಲ ಎದ್ದು ನನ್ನ ಹತ್ತಿರ ಬಂದ. ಬೇರೆಯವರಿಗೆ ಕೇಳದ ಹಾಗೆ ಮೆಲ್ಲಗೆ ಕೇಳಿದ.

"ನಾವು ಬಡಿಸಿದರೆ ನಿಮಗೆ ಅಡ್ಡಿ ಇಲ್ಲವಲ್ಲ?"

ನಮ್ಮ ಓಣಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳಿದ್ದಿಲ್ಲ. ಅವನು ಬೈದಿದ್ದರೆ, ಆ ಸೌಟನ್ನು ಕಿತ್ತುಕೊಂಡು, "ನಿನ್ನ ಸ್ವಿಚ್ಚನ್ನು ಕಡಲಿಗೆ ಬಿಸಾಡು" ಎಂದಿದ್ದರೆ ನನಗೆ ಬದುಕುವ ದಾರಿ ಇತ್ತು. ಅವನು ಬಾಡಿಗೆ ಮನೆಯವನು ಯಜಮಾನನನ್ನು ಕೇಳುವ ಹಾಗೆ ಮರ್ಯಾದೆಯಿಂದ ಕೇಳಿದ. ನಾನು ತಲೆ ಅಲ್ಲಾಡಿಸಿದೆ. ಸೌಟನ್ನು ಅವನ ಕೈಗೆ ಕೊಟ್ಟೆ.

ಆಮೇಲೆ ಎಲ್ಲವೂ ಬೇಗ ಬೇಗ ಆಯಿತು. ಅವರು ಶರ್ಟಿನ ತೋಳು ಮಡಚಿದರು, ಬೀಗರನ್ನು ಮನೆಯೊಳಗೆ ಕರೆದುಕೊಂಡು ಹೋಗಿ ಚಾವಡಿಯಲ್ಲಿ, ಕೋಣೆಯಲ್ಲಿ, ಹಿಂದಿನ ಜಗಲಿಯಲ್ಲಿ ಕೂರಿಸಿದರು, ಗಸಿ ಬಿಸಿ ಮಾಡಿಸಿದರು, ಮೂರು ಪಂಕ್ತಿಯಲ್ಲಿ ಊಟ ಮುಗಿಸಿದರು. ಕಾರ್ಕಳದವರು ಹೊಟ್ಟೆ ತುಂಬಾ ಉಂಡು, ಸಂತೋಷದಿಂದಲೇ ಹೊರಟರು. ಕೊನೆಯ ಪಂಕ್ತಿಗೆ ಎಲೆ ಹಾಕಿಸಿ ನಾನು ಓಣಿಯವರನ್ನು ಕರೆಯಲು ಹೊರಗೆ ಬಂದರೆ, ಅವರು ನಲ್ಲಿಯಲ್ಲಿ ಕೈ ತೊಳೆದು ಚಪ್ಪಲಿ ಹುಡುಕುತ್ತಿದ್ದರು. ತಾಂಡೇಲ, "ನಾಳೆ ದೋಣಿ ಇಳಿಸಲಿಕ್ಕೆ ಉಂಟು" ಎಂದ. ಉಳಿದವರು ಚಪ್ಪಲಿ ಮೆಟ್ಟಿ ಗೇಟಿನ ಕಡೆ ನಡೆದರು. ದೊಡ್ಡಮ್ಮ ಕೊನೆಗೆ ಹೊರಟರು. ನಾನು ಹುಟ್ಟಿದಂದಿನಿಂದ ಅವರು ನನ್ನನ್ನು ನೀನು ಎಂದೇ ಕರೆದವರು.

"ನೀವು ಊಟ ಮಾಡಿ, ದಣಿದಿದ್ದೀರಿ" ಎಂದರು.

ಹಾಕಿಸಿದ ಎಲೆಗಳ ಮುಂದೆ ನಾನು, ಹೆಂಡತಿ, ಭಾವ ಕೂತೆವು. ಉಳಿದ ಎಲೆಗಳು ಹಾಗೆಯೇ ಇದ್ದವು.  

ಅದರ ನಂತರ ನಮ್ಮ ಮೇಲೆ ಯಾರೂ ಮುನಿಸು ತೋರಿಸಲಿಲ್ಲ. ಸಿಕ್ಕಿದರೆ ನಗುತ್ತಿದ್ದರು, ಹೋಟೆಲು ಹೇಗೆ ನಡೆಯುತ್ತದೆ ಎಂದು ಕೇಳುತ್ತಿದ್ದರು. ಆದರೆ ಮೊದಲು ನಮ್ಮ ಅಂಗಳದಲ್ಲಿ ಅಡ್ಡಹಾಯ್ದು ಬಾವಿಯ ಕಡೆಗೆ ಹೋಗುತ್ತಿದ್ದವರು ಈಗ ಸುತ್ತಿ ಓಣಿಯಲ್ಲೇ ಹೋಗತೊಡಗಿದರು. ಬಂಗುಡೆ ಹೆಚ್ಚು ಸಿಕ್ಕಿದ ದಿನ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಒಂದು ಚೀಲ ತೂಗುತ್ತಿತ್ತು, ಅದು ನಿಂತಿತು. ಕ್ಷಮೆ ಕೇಳೋಣ ಎಂದು ಎಷ್ಟೋ ಸಲ ಗೇಟಿನವರೆಗೆ ಹೋಗಿದ್ದೇನೆ. ಅವರು ಅಷ್ಟು ಚೆನ್ನಾಗಿ ಮಾತಾಡಿಸುವಾಗ ಯಾವ ತಪ್ಪಿಗೆ ಎಂದು ಕೇಳುವುದು? ಮಳೆಗಾಲ ಕಳೆಯಿತು.

ದೀಪಾವಳಿ ಮುಗಿದ ಮೇಲೆ ತಾಂಡೇಲನ ಮಗಳ ಮದುವೆ. ಗಂಡ ಹೆಂಡತಿ ಇಬ್ಬರೂ ಬಂದು ಕಾಗದ ಕೊಟ್ಟು, ಕೈ ಮುಗಿದು, "ಖಂಡಿತ ಬರಬೇಕು" ಎಂದು ಹೋದರು. ಚಪ್ಪರದ ಮುನ್ನಾದಿನ ಸಂಜೆ ನಾನು ಮಣಿಪಾಲದಿಂದ ಬೇಗ ಬಂದು ಜಗಲಿಯಲ್ಲಿ ಕೂತೆ. ತಾಂಡೇಲ ಎದುರು ಮನೆಗೆ ಹೋದ, ಅದರಾಚೆಯ ಮನೆಗೆ ಹೋದ, ಓಣಿಯ ತುದಿಯವರೆಗೆ ಹೋಗಿ ಬಂದ. ನಮ್ಮ ಗೇಟನ್ನು ದಾಟುವಾಗ, "ಊಟ ಆಯಿತಾ?" ಎಂದು ಕೇಳಿ ಮುಂದೆ ನಡೆದ. ಒಳಗೆ ನನ್ನವಳು ತೆಂಗಿನಕಾಯಿ ತುರಿಯುವ ಸದ್ದು ನಿಂತುಹೋಯಿತು.

ಮರುದಿನ ಬೆಳಿಗ್ಗೆ ಹಾರೆಯ ಸದ್ದು.  "ಹೋಗುತ್ತೇನೆ" ಎಂದೆ. "ಕರೆಯದೆ?" ಎಂದಳು. "ಕರೆಯದೆ" ಎಂದೆ. ಅವಳು ಒಳಗಿನಿಂದ ಹಳೆಯ ಲುಂಗಿ ತಂದುಕೊಟ್ಟಳು.

ನನ್ನನ್ನು ಕಂಡ ಕೂಡಲೇ ತಾಂಡೇಲ ಕೆಲಸ ಬಿಟ್ಟು ಬಂದ. ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಒರೆಸಿ, ನೆರಳಿಗೆ ಹಾಕಿದ. "ಕೂತ್ಕೊಳ್ಳಿ." ಒಳಗಿನಿಂದ ಶರಬತ್ತು ಬಂತು, ಟ್ರೇಯಲ್ಲಿ. ಎಲ್ಲರೂ ಬೆವರಿಳಿಸಿಕೊಂಡು ಗುಂಡಿ ತೋಡುತ್ತಿದ್ದಾಗ ನಾನು ತೊಡೆಯ ಮೇಲೆ ಲೋಟ ಇಟ್ಟುಕೊಂಡು ಕೂತಿದ್ದೆ. ಬಿದಿರಿನ ಮೇಲೆ ಹತ್ತಿ ಕೂತಿದ್ದ ಒಬ್ಬ, "ಅಣ್ಣನವರೇ, ಇದರ ರಿಮೋಟ್ ಎಲ್ಲಿ ಸಿಗುತ್ತದೆ ಸ್ವಲ್ಪ ಹೇಳಿ, ಸೊಂಟ ಹೋಯಿತು" ಎಂದ. ಕೆಳಗಿದ್ದವನು, "ಸುಮ್ಮನೆ ಇರು, ನಿನ್ನ ಗಾಳಿಗೇ ಅದು ಮಡಚಿಕೊಂಡೀತು" ಎಂದ. ನಗು. ಆ ನಗೆ ಬಂದಾಗ ನನಗೆ ಸ್ವಲ್ಪ ಹಗುರವಾಯಿತು. ಬೈಯುವಷ್ಟಾದರೂ ಹತ್ತಿರ ಇದ್ದೇನೆ ಎನಿಸಿತು.

ದೊಡ್ಡಮ್ಮ ಜಗಲಿಯಲ್ಲಿ ವೀಳ್ಯದೆಲೆ ಒರೆಸುತ್ತಿದ್ದರು. ಕುರ್ಚಿ ಬಿಟ್ಟು ಅವರ ಕಾಲ ಬುಡದಲ್ಲಿ ಮೆಟ್ಟಿಲ ಮೇಲೆ ಕೂತೆ.

"ದೊಡ್ಡಮ್ಮ, ನನ್ನನ್ನು ಕರೆಯಲಿಲ್ಲ."

"ನಿಮಗೆ ಚಪ್ಪರ ಬೇಡವಂತಲ್ಲ" ಎಂದರು, ಎಲೆಯಿಂದ ಕಣ್ಣೆತ್ತದೆ. "ಬೇಡ ಅಂದವರನ್ನು ಹೇಗೆ ಕರೆಯುವುದು? ನಿಮಗೇ ಬೇಸರ ಅಲ್ವಾ?"

"ನನಗೆ ಬೇಡ ಅಂತ ಅಲ್ಲ. ನನಗೆ ಬುದ್ಧಿ ಇರಲಿಲ್ಲ."

ಅವರು ಇನ್ನೊಂದು ಎಲೆ ಒರೆಸಿದರು. ತೊಟ್ಟು ಮುರಿದರು.

"ನನ್ನ ಮಗ ಆ ದಿನ ಮಡಲನ್ನು ನೀರಿನಿಂದ ತೆಗೆದು ದಡಕ್ಕೆ ಹಾಕಿದ" ಎಂದರು. "ನಿನ್ನನ್ನು ಕೇಳುವ ಮೊದಲೇ ನೆನೆ ಹಾಕಿದ್ದ. ಹಾಕಲಾ ಅಂತ ಕೇಳಿದ್ದು ಬಾಯಿ ಮಾತಿಗೆ. ಅಷ್ಟನ್ನೂ ಒಲೆಗೆ ಹಾಕಿದೆವು."

ಅದು ನನಗೆ ಗೊತ್ತಿರಲಿಲ್ಲ.  ಎದ್ದು ಹೋಗಿ, ಇಬ್ಬರು ಎತ್ತುತ್ತಿದ್ದ ಬಿದಿರಿನ ತುದಿಗೆ ಕೈ ಹಾಕಿದೆ. ತಾಂಡೇಲ ಬಂದು, "ನಿಮ್ಮ ಕೈಗೆ ಸಿಬಿರು ಹತ್ತುತ್ತದೆ" ಎಂದು ಮೆತ್ತಗೆ ಬಿಡಿಸಲು ನೋಡಿದ. ನಾನು ಬಿಡಲಿಲ್ಲ. ಇಬ್ಬರ ಕೈಯೂ ಬಿದಿರಿನ ಮೇಲೆ ಇತ್ತು.

"ತಪ್ಪಾಯಿತು ಮಾರಾಯ" ಎಂದೆ. ಮೇಲೆ ಹತ್ತಿದವನಿಗೂ ಕೇಳುವಷ್ಟು ಜೋರಾಗಿಯೇ ಬಂತು ಅದು.

 ಅವನು ಬಿದಿರಿನಿಂದ ಕೈ ತೆಗೆದ. ನಾನು ಹೊತ್ತೆ.

ಕೆಲಸ ಮುಗಿದು ಅವಲಕ್ಕಿ, ಚಾಕ್ಕೆ ಎಲ್ಲರೂ ನೆಲದಲ್ಲಿ ಸಾಲಾಗಿ ಕೂತಾಗ ನಾನೂ ತುದಿಯಲ್ಲಿ ಕೂತೆ. ಪಕ್ಕದವರು ಸರಿದು ಜಾಗ ಬಿಟ್ಟರು, ಬೇಕಾದ್ದಕ್ಕಿಂತ ಹೆಚ್ಚೇ ಬಿಟ್ಟರು. ತಿಂದು ಏಳುವಾಗ ತಾಂಡೇಲನಿಗೆ, "ನಾಳೆ ಬಡಿಸಲು ಬರುತ್ತೇನೆ" ಎಂದೆ. ಕೇಳಿದ್ದಲ್ಲ, ಹೇಳಿದ್ದು. ಅವನು ನನ್ನ ಮುಖ ನೋಡಿ, "ಬನ್ನಿ" ಎಂದ.

ಮರುದಿನ ಎಲ್ಲರಿಗಿಂತ ಮೊದಲು ಹೋದೆ. ಬಡಿಸುವವರಿಗೆ ಪಾತ್ರೆ ಹಂಚುವುದು ದೊಡ್ಡಮ್ಮನ ಕೆಲಸ. ಕೈ ಪಳಗಿದವರಿಗೆ ಅನ್ನ, ಸಾರು. ನಂಬಿಗಸ್ತರಿಗೆ ಮೀನು, ಏಕೆಂದರೆ ತುಂಡುಗಳು ಕೊನೆಯ ಪಂಕ್ತಿಯವರೆಗೆ ಬರಬೇಕು. ಉಪ್ಪು, ಉಪ್ಪಿನಕಾಯಿಯನ್ನು ಮೊದಲ ಸಲ ಬಡಿಸಲು ಬಂದ ಶಾಲೆಯ ಮಕ್ಕಳಿಗೆ ಕೊಡುವುದು. ಎಷ್ಟೋ ವರ್ಷದಿಂದ ನನ್ನ ಕೈಗೆ ಬರುತ್ತಿದ್ದದ್ದು ಮೀನಿನ ಪಾತ್ರೆ. ನಾನು ಸಾಲಿನಲ್ಲಿ ನಿಂತು ಕೈ ಚಾಚಿದೆ. ದೊಡ್ಡಮ್ಮ ನನ್ನನ್ನು ನೋಡಿದರು, ಎದುರಿನ ಪಾತ್ರೆಗಳನ್ನು ನೋಡಿದರು, ಒಂದು ಸಣ್ಣ ಸ್ಟೀಲ್ ಬಟ್ಟಲು ಮತ್ತು ಚಮಚ ತೆಗೆದು ನನ್ನ ಕೈಯಲ್ಲಿಟ್ಟರು.

"ಎಲೆಯ ಎಡತುದಿಗೆ" ಎಂದರು. "ಜಾಸ್ತಿ ಹಾಕಬೇಡ."

ನಾನು ಮೊದಲ ಎಲೆಯಿಂದ ಶುರುಮಾಡಿ ಬಗ್ಗಿ ಬಗ್ಗಿ ಉಪ್ಪು ಹಾಕುತ್ತಾ ಹೋದೆ. ಓಣಿಯವರೆಲ್ಲ ನೋಡಿದರು. ಕಿವಿ ಬಿಸಿಯಾಗಿತ್ತು. ಪಂಕ್ತಿ ಉದ್ದ ಇತ್ತು.